‘ಸಬ್ರ್ ಮಾಡು’ ಎನ್ನುವ ಮುನ್ನ

ಮರಣದ ಮನೆಗೆ ಹೋದರೆ ನಾವು ಆಡುವ ಮೊದಲ ಮಾತು ‘ಸಬ್ರ್ ಮಾಡಿ’. ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಊರಿಗೆ ಮರಳಿದವನಿಗೂ ಅದೇ ಮಾತು. ಗಂಡನ ಮನೆಯಲ್ಲಿ ನೊಂದು ತವರಿಗೆ ಬಂದ ಮಗಳಿಗೂ ಅದೇ. ಮೂರು ತಿಂಗಳಿನಿಂದ ರಾತ್ರಿ ನಿದ್ದೆಯಿಲ್ಲ, ಎದೆ ಭಾರ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ ಎಂದು ತೋಡಿಕೊಂಡ ತಾಯಿಗೂ ಅದೇ. ಸಬ್ರ್ ಪವಿತ್ರ ಕುರ್‌ಆನಿನ ಪದ. ಸತ್ಯವಿಶ್ವಾಸಿಯ ಬದುಕಿನ ಅತಿದೊಡ್ಡ ಆಸ್ತಿ. ಅದರ ಮಹತ್ವದ ಬಗ್ಗೆ ನಮಗೆ ಕಿಂಚಿತ್ತೂ ಸಂಶಯವಿಲ್ಲ. ಆದರೆ ಆ ಪದವನ್ನು ನಾವು ಬಳಸುತ್ತಿರುವ ರೀತಿಯ ಬಗ್ಗೆ ಗಂಭೀರ ಸಂಶಯವಿದೆ. ನಮ್ಮ ಬಾಯಲ್ಲಿ ಅದು ಎಷ್ಟೋ ಸಲ ಮಾತುಕತೆಯನ್ನು ಮುಗಿಸುವ ಪದವಾಗಿಬಿಟ್ಟಿದೆ. ಹೇಳಿದವರಿಗೆ ಕರ್ತವ್ಯ ಮುಗಿಸಿದ ನಿರಾಳ. ಕೇಳಿದವರಿಗೆ ಮುಂದೆ ಬಾಯಿ ತೆರೆಯುವಂತಿಲ್ಲ. ಇನ್ನೊಂದು ಮಾತು ಆಡಿದರೆ ಈಮಾನ್ ಕಡಿಮೆ ಎಂಬ ಆರೋಪ ಕಾದಿರುತ್ತದೆ.

ಕರಾವಳಿಯ ನಮ್ಮ ಯಾವುದೇ ಪಟ್ಟಣದ ಓಣಿಯೊಳಗೆ ಮಧ್ಯಾಹ್ನದ ಹೊತ್ತಿನಲ್ಲಿ ನಡೆದು ಹೋಗಿ. ಜಗಲಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿರುವ ಸ್ತ್ರೀಯರು ಕಾಣಸಿಗುತ್ತಾರೆ. ಬೆಳಗ್ಗೆ ಅಡುಗೆ, ಮಕ್ಕಳ ಮದ್ರಸ, ಶಾಲೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಉಳಿದ ಹೊತ್ತೆಲ್ಲ ಎಲೆ ಮತ್ತು ಹೊಗೆಸೊಪ್ಪು. ಸಂಜೆ ಬ್ರಾಂಚಿಗೆ ಒಯ್ದ ಬೀಡಿಯಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ಬದಿಗೆ ತಳ್ಳಿದರೆ ಅಷ್ಟು ಹೊತ್ತಿನ ದುಡಿಮೆ ಮಣ್ಣುಪಾಲು. ವಾರಕ್ಕೊಮ್ಮೆ ಸಂಘದ ಕಂತು ಕಟ್ಟಬೇಕು. ಮಗಳ ಮದುವೆಗೆ ಮಾಡಿದ ಸಾಲ ಬೇರೆ. ಇವರಲ್ಲಿ ಯಾರೂ ‘ನನ್ನ ಮನಸ್ಸು ಕಾಯಿಲೆ ಬಿದ್ದಿದೆ’ ಎನ್ನುವುದಿಲ್ಲ. ತಲೆನೋವು ಎನ್ನುತ್ತಾರೆ, ಗ್ಯಾಸ್ ಎನ್ನುತ್ತಾರೆ, ಕೈಕಾಲು ಜುಮ್ಮೆನ್ನುತ್ತದೆ ಎನ್ನುತ್ತಾರೆ. ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗುತ್ತಾರೆ. ಅದರಿಂದ ಗುಣವಾಗದಿದ್ದರೆ ಯಾರೋ ಒಬ್ಬರು ಕಣ್ಣು ಬಿದ್ದಿದೆ ಎನ್ನುತ್ತಾರೆ, ಇನ್ನೊಬ್ಬರು ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ನೂಲು, ತಾಯತ, ಓದಿದ ನೀರು, ಮತ್ತೆ ಇನ್ನೊಂದು ಊರಿನ ಇನ್ನೊಬ್ಬ ತಂಙಳರು. ಹೀಗೆ ವರ್ಷಗಳು ಉರುಳುತ್ತವೆ. ಮನೋವೈದ್ಯರ ಬಳಿಗೆ ಹೋಗೋಣವೆಂದು ಮನೆಯಲ್ಲಿ ಒಬ್ಬರು ಧೈರ್ಯ ಮಾಡಿ ಹೇಳಿದರೂ, ‘ಯಾರಾದರೂ ನೋಡಿದರೆ ಹೆಣ್ಣು ಮಕ್ಕಳಿಗೆ ಸಂಬಂಧ ಕೂಡಿ ಬರುತ್ತದೆಯೇ?’ ಎಂಬ ಪ್ರಶ್ನೆ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಇದು ನಮ್ಮ ಸಮುದಾಯದ್ದು ಮಾತ್ರವಾದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಚಿಕಿತ್ಸೆ ತಲುಪದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ 70ರಿಂದ 92 ಶೇಕಡಾದಷ್ಟಿತ್ತು. ಅಂದರೆ ಹತ್ತು ಮಂದಿ ರೋಗಿಗಳಲ್ಲಿ ಕನಿಷ್ಠ ಏಳು ಮಂದಿಗೆ ಮದ್ದೇ ಇಲ್ಲ. ಹಿಂದೂ ಮನೆಗಳಲ್ಲೂ ಕ್ರೈಸ್ತ ಮನೆಗಳಲ್ಲೂ ಇದೇ ಮೌನ ಇರಬಹುದು. ಆದರೆ ನಾವು ಆ ಮೌನಕ್ಕೆ ಧರ್ಮದ ಮುದ್ರೆಯೊತ್ತುತ್ತಿದ್ದೇವೆ. ನಮ್ಮ ಆಕ್ಷೇಪ ಇರುವುದು ಇಲ್ಲಿ.

ಮದ್ರಸದ ದರ್ಸ್‌ಗಳಲ್ಲಿ ಇಮಾಮ್ ನವವಿಯವರ ‘ರಿಯಾಳುಸ್ಸಾಲಿಹೀನ್’ ಓದಿದವರಿಗೆ ಸಬ್ರ್‌ನ ಅಧ್ಯಾಯ ಆರಂಭದಲ್ಲೇ ಸಿಗುತ್ತದೆ. ನಾವೂ ಅದನ್ನು ಓದಿದ್ದೇವೆ. ಆದರೆ ಅದೇ ಅಧ್ಯಾಯದಲ್ಲಿ ಪ್ರವಾದಿಯವರ(ಸ) ಕಣ್ಣೀರು ಕೂಡ ಇದೆ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ. ಮಗಳ ಪುಟ್ಟ ಕಂದ ಕೊನೆಯುಸಿರೆಳೆಯುತ್ತಿರುವಾಗ ಆ ಮಗುವನ್ನು ಕೈಗೆತ್ತಿಕೊಂಡ ಪ್ರವಾದಿಯವರ(ಸ) ಕಣ್ಣುಗಳು ತುಂಬಿ ಹರಿದವು. ಜತೆಗಿದ್ದ ಸಅದ್ ಬಿನ್ ಉಬಾದಾ(ರ) ಅಚ್ಚರಿಯಿಂದ, ಇದೇನು ಎಂದು ಕೇಳಿದರು. ಇದು ಅಲ್ಲಾಹನು ತನ್ನ ದಾಸರ ಹೃದಯಗಳಲ್ಲಿ ಇರಿಸಿದ ಕರುಣೆ ಎಂಬರ್ಥದ ಉತ್ತರ ಬಂತು. ಆ ಅಳುವನ್ನು ಇಮಾಮರು ಸಹನೆಯ ಅಧ್ಯಾಯದಿಂದ ಹೊರಗಿಡಲಿಲ್ಲ. ನಾವು ಮಾತ್ರ ಹೊರಗಿಟ್ಟಿದ್ದೇವೆ.

ಪ್ರವಾದಿ ಯಾಕೂಬರ(ಅ) ಚರಿತ್ರೆಯನ್ನು ನೋಡಿ. ಮಗ ಯೂಸುಫ್(ಅ) ಕಣ್ಮರೆಯಾದಾಗ ಅತ್ಯಂತ ಸುಂದರವಾದ ಸಹನೆಯ ಮಾತನ್ನಾಡಿದ್ದು ಆ ತಂದೆ. ಅತ್ತು ಅತ್ತು ಕಣ್ಣುಗಳು ಬೆಳ್ಳಗಾಗಿ ದೃಷ್ಟಿ ಕಳೆದುಕೊಂಡದ್ದೂ ಅದೇ ತಂದೆ. ಎರಡೂ ಸಂಗತಿಗಳು ಒಂದೇ ಅಧ್ಯಾಯದಲ್ಲಿವೆ, ಅಲ್ಲಾಹನು ಎಲ್ಲೂ ಅವರನ್ನು ಅಸಹನೆಗಾಗಿ ಆಕ್ಷೇಪಿಸಿಲ್ಲ. ಆಕ್ಷೇಪಿಸಿದ್ದು ಅವರ ಮಕ್ಕಳು. ಇನ್ನೂ ಯೂಸುಫನ ನೆನಪಿನಲ್ಲೇ ಕೊರಗುತ್ತೀರಾ, ಹೀಗಾದರೆ ನಾಶವಾಗಿ ಹೋಗುತ್ತೀರಿ ಎಂದು ತಂದೆಯನ್ನು ಗದರಿದರು. ಆ ದುಃಖಕ್ಕೆ ಕಾರಣರಾದವರೇ ಅವರು ಎಂಬುದನ್ನು ಮರೆಯಬಾರದು. ‘ಎಷ್ಟು ದಿನ ಅಂತ ಅಳುತ್ತೀ?’ ಎಂದು ಸೊಸೆಯನ್ನು ಗದರುವ ನಮ್ಮ ಮನೆಗಳಿಗೆ ಈ ಭಾಗವನ್ನು ಇನ್ನೊಮ್ಮೆ ಓದಿ ಹೇಳಬೇಕಾಗಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ತಟ್ಟುವುದು ಖೌಲಾ ಬಿಂತ್ ಸಅಲಬಾ(ರ) ಅವರ ಘಟನೆ. ‘ನೀನು ನನಗೆ ತಾಯಿಯ ಬೆನ್ನಿನಂತೆ’ ಎಂಬ ಜಾಹಿಲಿಯ್ಯಾ ಕಾಲದ ಮಾತನ್ನಾಡಿ ಗಂಡ ಅವರನ್ನು ಅತ್ತ ಹೆಂಡತಿಯೂ ಅಲ್ಲದ, ಇತ್ತ ವಿಚ್ಛೇದಿತೆಯೂ ಅಲ್ಲದ ಸ್ಥಿತಿಗೆ ದೂಡಿದ್ದರು. ಖೌಲಾ(ರ) ಮನೆಯ ಮೂಲೆಯಲ್ಲಿ ಕುಳಿತು ಅಳಲಿಲ್ಲ. ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದರು. ದೂರಿದರು, ವಾದಿಸಿದರು. ತನ್ನ ಯೌವನ ಕಳೆದುಹೋದದ್ದನ್ನು, ಮಕ್ಕಳ ಗತಿಯನ್ನು ಎತ್ತಿ ಹೇಳಿದರು. ಅದೇ ಕೋಣೆಯಲ್ಲಿದ್ದ ಹ. ಆಯಿಶಾರಿಗೆ(ರ) ಆ ಮಾತುಗಳಲ್ಲಿ ಕೆಲವು ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಆದರೆ ಏಳು ಆಕಾಶಗಳ ಮೇಲಿನಿಂದ ಅಲ್ಲಾಹನು ಕೇಳಿಸಿಕೊಂಡ. ಆ ದೂರಿಗೆ ಉತ್ತರವಾಗಿ ವಚನಗಳು ಅವತೀರ್ಣಗೊಂಡವು. ಆ ಅಧ್ಯಾಯಕ್ಕೆ ವಾದಿಸಿದ ಆ ಮಹಿಳೆಯ ಹೆಸರೇ ಬಂತು: ಅಲ್ ಮುಜಾದಲಃ. ಸುಮ್ಮನಿರು ಎಂಬ ಆದೇಶ ಇಳಿಯಲಿಲ್ಲ. ಆಕೆಯ ಸಂಕಟಕ್ಕೆ ಕಾರಣವಾದ ಪದ್ಧತಿಯನ್ನೇ ಖಂಡಿಸಿ, ಅದಕ್ಕೆ ಪ್ರಾಯಶ್ಚಿತ್ತವನ್ನು ಗಂಡನ ಮೇಲೆ ವಿಧಿಸಲಾಯಿತು. ಇಂದು ಒಬ್ಬ ಖೌಲಾ ನಮ್ಮ ಜಮಾಅತ್ ಕಚೇರಿಯ ಮೆಟ್ಟಿಲೇರಿ ಬಂದರೆ ಎಷ್ಟು ನಿಮಿಷ ಮಾತಾಡಲು ಬಿಟ್ಟೇವು?

ಕೇಳಿಸಿಕೊಳ್ಳುವುದರ ಜತೆಗೆ ಕೈಯಲ್ಲಿ ಮಾಡುವ ಕೆಲಸವೂ ಪ್ರವಾದಿಚರ್ಯೆಯಲ್ಲಿದೆ. ಮುಅತಾ ಯುದ್ಧದಲ್ಲಿ ಹ. ಜಅಫರ್(ರ) ಹುತಾತ್ಮರಾದ ಸುದ್ದಿ ಬಂದಾಗ ಪ್ರವಾದಿಯವರು(ಸ) ಅವರ ಮನೆಯವರಿಗೆ ಊಟ ತಯಾರಿಸಲು ಹೇಳಿದರು. ದುಃಖದಲ್ಲಿರುವವರಿಗೆ ಒಲೆ ಹಚ್ಚುವ ವ್ಯವಧಾನ ಇರುವುದಿಲ್ಲ ಎಂಬ ಕಾರಣ ಕೊಟ್ಟರು. ಹ. ಆಯಿಶಾ(ರ) ಮರಣ ಸಂಭವಿಸಿದ ಮನೆಯವರಿಗೆ ಜವೆಗೋಧಿಯ ಗಂಜಿ ಮಾಡಿಸುತ್ತಿದ್ದರು. ತಲ್ಬೀನಾ ಎಂಬ ಆ ಗಂಜಿ ರೋಗಿಯ ಹೃದಯಕ್ಕೆ ಹಿತ, ದುಃಖವನ್ನು ಒಂದಿಷ್ಟು ಇಳಿಸುತ್ತದೆ ಎಂದು ಪ್ರವಾದಿಯವರಿಂದ(ಸ) ಕೇಳಿದ್ದಾಗಿ ತಿಳಿಸಿದ್ದರು. ನಮ್ಮಲ್ಲಿ ಇಂದು ಹಲವೆಡೆ ನಡೆಯುತ್ತಿರುವುದು ತದ್ವಿರುದ್ಧ. ಮರಣದ ಮನೆಯವರೇ ಸಾಲ ಮಾಡಿ ಬಂದವರಿಗೆ ಬಿರಿಯಾನಿ ಬಡಿಸಬೇಕು. ಮೂರನೆಯ ದಿನ, ಏಳನೆಯ ದಿನ, ನಲ್ವತ್ತನೆಯ ದಿನ. ದುಃಖದ ಮೇಲೆ ಸಾಲದ ಹೊರೆ ಹೊರಿಸಿ, ಬಳಿಕ ಸಬ್ರ್ ಮಾಡಿ ಎಂದು ಹೇಳಿ ಕೈ ತೊಳೆದುಕೊಂಡು ಬರುತ್ತೇವೆ.

ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂಬುದು ಪಾಶ್ಚಾತ್ಯರಿಂದ ಬಂದ ವಿಚಾರ ಎಂದು ಭಾವಿಸುವವರಿಗೆ ಒಂದು ಹೆಸರನ್ನು ನೆನಪಿಸಬೇಕು. ಅಬೂ ಝೈದ್ ಅಲ್ ಬಲ್ಖಿ. ಕ್ರಿ.ಶ. 934ರಲ್ಲಿ ನಿಧನರಾದ ಈ ವಿದ್ವಾಂಸರು ದೇಹ ಮತ್ತು ಆತ್ಮಗಳ ಆರೋಗ್ಯದ ಬಗ್ಗೆ ‘ಮಸಾಲಿಹುಲ್ ಅಬ್ದಾನಿ ವಲ್ ಅನ್ಫುಸ್’ ಎಂಬ ಗ್ರಂಥವನ್ನೇ ರಚಿಸಿದ್ದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಗೊತ್ತಿಲ್ಲದೆ ಕವಿಯುವ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ವೈದ್ಯ ಬೇಕು ಎಂದರು. ಮನೆಯಲ್ಲಿ ಆಪತ್ಕಾಲಕ್ಕೆಂದು ಮದ್ದು ಕೂಡಿಡುವಂತೆ ಆರೋಗ್ಯದ ದಿನಗಳಲ್ಲೇ ಒಳ್ಳೆಯ ಚಿಂತನೆಗಳನ್ನು ಕೂಡಿಡಬೇಕು ಎಂಬುದು ಅವರ ಸಲಹೆ. ಡಮಾಸ್ಕಸ್‌ನಲ್ಲಿ 1154ರಲ್ಲಿ, ಕೈರೊದಲ್ಲಿ 1284ರಲ್ಲಿ ವಕ್ಫ್ ಸಂಪತ್ತಿನಿಂದ ಕಟ್ಟಿದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಚಿಕಿತ್ಸೆಯಿತ್ತು. ಅಲೆಪ್ಪೊದಲ್ಲಿ 1354ರಲ್ಲಿ ಸ್ಥಾಪನೆಯಾದ ಬೀಮಾರಿಸ್ತಾನದಲ್ಲಿ ಅವರಿಗಾಗಿ ತೆರೆದ ಅಂಗಳಗಳೂ ನೀರಿನ ಕಾರಂಜಿಗಳೂ ಇದ್ದವು. ಅಲ್ಲೂ ಉದ್ರಿಕ್ತ ರೋಗಿಗಳನ್ನು ಕಟ್ಟಿಹಾಕುವ ಕ್ರಮ ಇತ್ತು, ಗತವೈಭವದ ಹೆಮ್ಮೆಯಲ್ಲಿ ಅದನ್ನು ಮರೆಮಾಚಬೇಕಿಲ್ಲ. ಆದರೆ ಹುಚ್ಚನೆಂದು ಬೀದಿಗೆ ಬಿಡದೆ, ರೋಗಿಯೆಂದು ಒಳಗೆ ಕರೆದುಕೊಂಡ ನಾಗರಿಕತೆ ಅದು.

ಅಂತಹ ಪರಂಪರೆಯ ವಾರಸುದಾರರು ಎಲ್ಲಿಗೆ ಬಂದು ತಲುಪಿದರು? 2001ರ ಆಗಸ್ಟ್ 6ರ ಮುಂಜಾವಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿದ್ದ ಒಂದು ಖಾಸಗಿ ಆಶ್ರಯ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿಯಲ್ಪಟ್ಟಿದ್ದ ಮನೋರೋಗಿಗಳಿಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಸತ್ತವರು 28 ಮಂದಿ. ಎಲ್ಲ ಧರ್ಮದವರೂ ಆ ಊರಿಗೆ ತಮ್ಮವರನ್ನು ಕರೆತರುತ್ತಿದ್ದರು, ಹಲವರು ಬಿಟ್ಟು ಹೋಗುತ್ತಿದ್ದರು. ಸುಪ್ರೀಮ್ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮುಂದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಂಧಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿತು. ಕಾನೂನು ಬಂದಿದೆ, ಸಂತೋಷ. ಆದರೆ ಕಾಣದ ಸರಪಳಿಗಳ ವ್ಯಾಪಾರ ಇನ್ನೂ ನಿಂತಿಲ್ಲ. ಜಿನ್ನ್ ಬಿಡಿಸುತ್ತೇನೆಂದು ಹೊಡೆಯುವವರು, ಮಾಟ ತೆಗೆಯುತ್ತೇನೆಂದು ಸಾವಿರಾರು ರೂಪಾಯಿ ಸುಲಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ವಿಳಾಸ ನಮಗೆಲ್ಲ ಗೊತ್ತು. ದುಆ ಬೇಡ, ಕುರ್‌ಆನ್ ಪಾರಾಯಣ ಬೇಡ ಎನ್ನುವವರು ನಾವಲ್ಲ. ಶಿಫಾ ನೀಡುವವನು ಅಲ್ಲಾಹನೇ. ಆದರೆ ಮೂಳೆ ಮುರಿದರೆ ದುಆ ಮಾಡುತ್ತಲೇ ಆಸ್ಪತ್ರೆಗೆ ಓಡುವ ನಾವು, ಮನಸ್ಸು ಮುರಿದಾಗ ಮಾತ್ರ ದುಆವನ್ನು ಆಸ್ಪತ್ರೆಗೆ ವಿರೋಧವಾಗಿ ನಿಲ್ಲಿಸುವುದೇಕೆ? ಪ್ರತಿ ಕಾಯಿಲೆಗೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿ ಬೋಧನೆಯಲ್ಲಿ ಮನಸ್ಸಿಗೆ ವಿನಾಯಿತಿ ಇಲ್ಲವಲ್ಲ!

ಇನ್ನು, ನಮ್ಮ ಸಹನೆಯನ್ನು ಹೊರಗಿನವರೂ ಹೊಗಳುತ್ತಾರೆ. ಗಲಭೆಯಾದಾಗ, ಅಂಗಡಿ ಸುಟ್ಟಾಗ, ಜಾತ್ರೆಯಲ್ಲಿ ವ್ಯಾಪಾರಕ್ಕೆ ನಿಷೇಧ ಹಾಕಿದಾಗ ಸಮುದಾಯ ಸಂಯಮದಿಂದ ವರ್ತಿಸಿತು ಎಂದು ರಾಜಕಾರಣಿಗಳು ಪ್ರಶಂಸಾಪತ್ರ ನೀಡುತ್ತಾರೆ. ಸಂಯಮ ಸರಿಯೇ. ಆದರೆ ಆ ಪ್ರಶಂಸೆಯ ನಂತರ ಪರಿಹಾರದ ಕಡತ ಎಲ್ಲಿ ಹೋಗುತ್ತದೆ, ತಪ್ಪಿತಸ್ಥರ ಮೇಲಿನ ಕೇಸು ಏನಾಗುತ್ತದೆ? ಮುಸ್ಲಿಮರು ರಾಷ್ಟ್ರವಿರೋಧಿ ಎಂಬ ಹಣೆಪಟ್ಟಿಯನ್ನೂ ಓಲೈಕೆಗೆ ಒಳಗಾದವರು ಎಂಬ ಹಣೆಪಟ್ಟಿಯನ್ನೂ ಏಕಕಾಲಕ್ಕೆ ಹೊರುತ್ತಿದ್ದಾರೆ ಎಂದು 2006ರಲ್ಲೇ ಸಾಚಾರ್ ಸಮಿತಿ ದಾಖಲಿಸಿತ್ತು. ಅಭದ್ರತೆಯ ಭಾವನೆ ಹೇಗೆ ಒಂದೇ ಕಡೆ ಗುಂಪುಗೂಡಿ ಬದುಕುವಂತೆ ಮಾಡುತ್ತದೆ ಎಂಬುದನ್ನೂ ಆ ವರದಿ ಗುರುತಿಸಿತ್ತು. ಬಸ್ಸಿನಲ್ಲಿ ಪಕ್ಕದವರು ಏನಂದುಕೊಳ್ಳುತ್ತಾರೋ ಎಂದು ದಿನವೂ ಲೆಕ್ಕ ಹಾಕುತ್ತಾ, ಮಗ ರಾತ್ರಿ ತಡವಾಗಿ ಬಂದರೆ ಜೀವ ಬಾಯಿಗೆ ಬಂದಂತಾಗಿ ಬದುಕುವುದು ಮನಸ್ಸಿನ ಮೇಲೆ ಬೀರುವ ಪರಿಣಾಮಕ್ಕೆ ಯಾವ ಕೌನ್ಸೆಲಿಂಗ್ ಸಾಕು? ಇದಕ್ಕೆ ಮದ್ದು ಪೊಲೀಸ್ ಠಾಣೆಯಲ್ಲಿದೆ, ನ್ಯಾಯಾಲಯದಲ್ಲಿದೆ, ವಿಧಾನಸಭೆಯಲ್ಲಿದೆ. ಪೀಡಿತರಿಗೆ ಗಟ್ಟಿ ಮನಸ್ಸು ಇದೆ ಎಂಬುದು ಪೀಡಕರಿಗೆ ರಿಯಾಯಿತಿ ಆಗಕೂಡದು.

ಈ ವಿಷಯದಲ್ಲಿ ನಾವೂ ನಿರಪರಾಧಿಗಳಲ್ಲ. ಉಡುಪಿಯಿಂದ ಎದ್ದ ಹಿಜಾಬ್ ವಿವಾದವನ್ನು ನೆನಪಿಸಿಕೊಳ್ಳಿ. 2022ರ ಫೆಬ್ರವರಿ 5ರಂದು ಸರಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಭಿನ್ನ ತೀರ್ಪು. ಕಾಲೇಜಿನ ಗೇಟಿನ ಬಳಿ ಕ್ಯಾಮರಾಗಳ ಮುಂದೆ ನಿಂತ ಹದಿನೇಳು ಹದಿನೆಂಟರ ಆ ಮಕ್ಕಳನ್ನು ನಾವು ಧೀರೆಯರೆಂದು ಕೊಂಡಾಡಿದೆವು. ಸಭೆಗಳಲ್ಲಿ ಹೆಸರು ಹೇಳಿದೆವು, ಸನ್ಮಾನಿಸಿದೆವು, ಅವರ ಚಿತ್ರಗಳನ್ನು ಹಂಚಿದೆವು. ಪತ್ರಿಕೆಯವರಾದ ನಾವೂ ಅದರಲ್ಲಿ ಸೇರಿದ್ದೇವೆ. ಆದರೆ ಪರೀಕ್ಷೆ ತಪ್ಪಿದ ನಂತರ ಮನೆಯಲ್ಲಿ ಉಳಿದ ಮಗಳು ಹೇಗೆ ನಿದ್ದೆ ಮಾಡಿದಳು, ಸಹಪಾಠಿಗಳಾಗಿದ್ದ ಗೆಳತಿಯರ ಮೌನ ಅವಳಿಗೆ ಏನು ಮಾಡಿತು, ಮತ್ತೆ ಪುಸ್ತಕ ಕೈಗೆತ್ತಿಕೊಳ್ಳಲು ಅವಳಿಗೆ ಎಷ್ಟು ತಿಂಗಳು ಬೇಕಾಯಿತು ಎಂದು ಕೇಳಿದವರು ಎಷ್ಟು ಮಂದಿ? ಸಂಕೇತವಾಗಿ ಅವಳು ನಮಗೆ ಬೇಕಾಗಿದ್ದಳು. ಮಗಳಾಗಿ ಅವಳಿಗೆ ನಾವು ಬೇಕಾದ ಹೊತ್ತಿಗೆ ನಾವು ಇನ್ನೊಂದು ವಿವಾದದ ಹಿಂದೆ ಹೋಗಿದ್ದೆವು.

ಗಂಡಸರ ಪಾಡನ್ನು ನಾವು ಇನ್ನೂ ಕಡಿಮೆ ಕೇಳುತ್ತೇವೆ. ಸೌದಿಯಲ್ಲಿ 2013ರ ನಿತಾಖತ್, 2017ರ ಜುಲೈಯಿಂದ ಕುಟುಂಬದ ಸದಸ್ಯರ ಮೇಲೆ ಬಿದ್ದ ತಿಂಗಳ ಶುಲ್ಕ, ಬಳಿಕ 2020ರ ಕೊರೋನಾ. ಒಂದೊಂದು ಅಲೆಯಲ್ಲೂ ನಮ್ಮವರು ಮರಳಿ ಬಂದರು. ಇಪ್ಪತ್ತು ವರ್ಷ ಹಣ ಕಳುಹಿಸಿದವನು ಮನೆಯಲ್ಲಿ ಅತಿಥಿಯಂತಾದ. ಮಕ್ಕಳಿಗೆ ಅವನ ಪರಿಚಯವೇ ಸರಿಯಾಗಿ ಇರಲಿಲ್ಲ. ಅವನು ಮಸೀದಿಯ ಹೊರಗಿನ ಕಟ್ಟೆಯಲ್ಲಿ ಇಶಾ ತನಕ ಕುಳಿತಿರುವುದನ್ನು ನೋಡುತ್ತೇವೆ, ಸಲಾಮ್ ಹೇಳಿ ದಾಟುತ್ತೇವೆ.

ಹೇಳಲು ನಾಲಿಗೆ ಏಳದ ಸಂಗತಿಯೊಂದಿದೆ. ನಮ್ಮ ಮನೆಗಳಲ್ಲೂ ಆತ್ಮಹತ್ಯೆಗಳು ನಡೆಯುತ್ತವೆ. ಹೃದಯಾಘಾತವೆಂದು ಹೇಳಿ ದಫನ ಮಾಡುತ್ತೇವೆ. ಅದು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಥವರ ಜನಾಝ ನಮಾಝ್ ನಿರ್ವಹಿಸಬೇಕೆಂಬುದೇ ಬಹುಸಂಖ್ಯಾತ ಫುಕಹಾಗಳ ನಿಲುವು ಎಂಬುದನ್ನು ಪಿಸುಮಾತಾಡುವವರು ತಿಳಿದಿರಬೇಕು. ಬದುಕು ಸಾಕಾಗಿದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದಾಗ ನರಕದ ಬೆದರಿಕೆ ಹಾಕಿ ಬಾಯಿ ಮುಚ್ಚಿಸಿದರೆ, ಅವರು ಎರಡನೆಯ ಸಲ ಹೇಳುವುದಿಲ್ಲ. ಅವರ ಜತೆ ಕುಳಿತುಕೊಳ್ಳಬೇಕು, ಒಂಟಿಯಾಗಿ ಬಿಡಬಾರದು, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಪೊಲೀಸ್ ಕೇಸಿನ ಭಯವೂ ಬೇಡ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಕಾಯಿದೆ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ.

ಹಾಗಾದರೆ ಜಮಾಅತ್‌ಗಳು ಏನು ಮಾಡಬಹುದು? ಮೊದಲು ಸಾಲ. ಬೀಡಿ ಕಟ್ಟುವ ಆ ತಾಯಿಯ ನಿದ್ದೆ ಕೆಟ್ಟಿರುವುದು ವಾರದ ಕಂತಿನಿಂದಾದರೆ ಅವಳಿಗೆ ಬೇಕಾದದ್ದು ನಿದ್ದೆ ಮಾತ್ರೆಯಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಪರಿಸ್ಥಿತಿಯ ಗಂಭೀರತೆ ಅರ್ಥವಾಗುತ್ತದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ರಮಝಾನಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆಲ್ಲ ಐವತ್ತು ನೂರು ಹಂಚುವ ಬದಲು, ಒಂದು ಮೊಹಲ್ಲಾದ ಝಕಾತನ್ನು ಒಟ್ಟುಗೂಡಿಸಿ ವರ್ಷಕ್ಕೆ ಹತ್ತು ಕುಟುಂಬಗಳನ್ನು ಸಾಲದಿಂದ ಬಿಡಿಸಿದರೆ ಆ ಹತ್ತು ಮನೆಗಳ ರಾತ್ರಿಗಳು ಬದಲಾಗುತ್ತವೆ. ಮದುವೆಯ ವರದಕ್ಷಿಣೆ ಮತ್ತು ಆಡಂಬರಕ್ಕೆ ಕಡಿವಾಣ ಹಾಕದೆ ಇದನ್ನು ಮಾಡಿದರೆ ತೂತಿರುವ ಕೊಡಕ್ಕೆ ನೀರು ಹೊಯ್ದಂತೆ. ಈ ಬಗ್ಗೆ ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯಲಿದ್ದೇವೆ.

ಮನೆ ಸಂದರ್ಶನದ ರೂಢಿಯನ್ನು ಮತ್ತೆ ಬದುಕಿಸಬೇಕು. ರೋಗಿಯನ್ನು ಕಾಣಲು ಹೋಗುವುದು ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು. ಜ್ವರದ ರೋಗಿಗೆ ಕಿತ್ತಳೆ ಒಯ್ಯುವ ನಾವು ಖಿನ್ನತೆಯ ರೋಗಿಯ ಮನೆಯ ಮುಂದೆ ಮಾತ್ರ ನಡಿಗೆ ಬಿರುಸುಗೊಳಿಸುತ್ತೇವೆ. ಹೋದವರು ಉಪದೇಶ ಮಾಡಬೇಕೆಂದಿಲ್ಲ. ಅರ್ಧ ಗಂಟೆ ಕುಳಿತು ಚಹಾ ಕುಡಿದು ಬಂದರೂ ಸಾಕು. ಖತೀಬರು ಮತ್ತು ಮದ್ರಸದ ಉಸ್ತಾದರಿಗೆ ಮಾನಸಿಕ ಕಾಯಿಲೆಯ ಲಕ್ಷಣಗಳ ಬಗ್ಗೆ ಒಂದು ದಿನದ ಶಿಬಿರ ಏರ್ಪಡಿಸುವುದು ಜಮಾಅತ್‌ಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಜನರು ಮೊದಲು ಬರುವುದು ಅವರ ಬಳಿಗೇ. ‘ಓದಿ ಊದುತ್ತೇನೆ, ಆದರೆ ನಾಳೆ ನನ್ನ ಜತೆ ಆಸ್ಪತ್ರೆಗೆ ಬಾ’ ಎಂದು ಒಬ್ಬ ಉಸ್ತಾದರು ಹೇಳಿದರೆ, ಹತ್ತು ಭಾಷಣಗಳಿಂದ ಆಗದ್ದು ಆಗುತ್ತದೆ.

ಆಸ್ಪತ್ರೆ ಎಲ್ಲಿ, ಅಷ್ಟು ದುಡ್ಡೆಲ್ಲಿ ಎನ್ನುವವರಿಗೆ ಒಂದು ಮಾತು. ಜಿಲ್ಲೆಯೊಳಗೇ, ಸರಕಾರಿ ಆಸ್ಪತ್ರೆಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ನೀಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆ. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಗೆ ಚಾಲನೆ ನೀಡಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಯಾರೂ ನೋಡುವುದಿಲ್ಲ. ನಮಾಝಿನ ಸಮಯ ಬರೆದಿಡುವ ಹಲಗೆಯ ಪಕ್ಕದಲ್ಲಿ ಈ ಐದು ಅಂಕಿಗಳನ್ನೂ ಬರೆಸುವಂತೆ ಎಲ್ಲ ಜಮಾಅತ್ ಸಮಿತಿಗಳಲ್ಲಿ ವಿನಂತಿಸುತ್ತೇವೆ. ನಮ್ಮ ಹೆಚ್ಚಿನ ಮಸೀದಿಗಳ ಒಳಗೆ ಸ್ತ್ರೀಯರು ಬರುವುದಿಲ್ಲ. ಆದ್ದರಿಂದ ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದು ಕಾಯುವ ಮದ್ರಸದ ಗೇಟಿನ ಬಳಿಯೂ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು.